ಕೆಮ್ಮಿದ್ದರೂ ಸಾಕಿತ್ತು

ಭಾನುವಾರ ಬೆಳಿಗ್ಗೆ ಚಾಪೆ ಹಾಸುವುದು ನನ್ನ ಕೆಲಸ. ಮೈಸೂರಿನ ವಿಜಯನಗರದ ಈ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ಆಯಾ. ವಾರದ ಉಳಿದ ದಿನ ಕೆಳಗಿನ ವಾರ್ಡಿನಲ್ಲಿ ನೆಲ ಒರೆಸುತ್ತೇನೆ, ಬಟ್ಟೆ ಮಡಿಸುತ್ತೇನೆ. ಭಾನುವಾರ ಮಾತ್ರ ಮೇಲಿನ ಮಹಡಿಯ ಹಾಲಿಗೆ ಹೋಗುತ್ತೇನೆ. ಅಲ್ಲಿ ಅನುಪಮಾ ಮೇಡಂ ಬಸುರಿಯರಿಗೂ ಅವರ ಗಂಡಂದಿರಿಗೂ ಪಾಠ ಮಾಡುತ್ತಾರೆ. ಉಸಿರು ಹೇಗೆ ಎಳೆಯಬೇಕು, ನೋವು ಬಂದಾಗ ಹೇಗೆ ಕೂರಬೇಕು, ಗಂಡನಾದವನು ಸೊಂಟದ ಯಾವ ಜಾಗ ಒತ್ತಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು, ಇದೆಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು. ಹೆರುವುದಕ್ಕೂ ಸ್ಕೂಲು! ಆಮೇಲೆ ಅನ್ನಿಸಿತು, ನಾನು ಅಕ್ಷರ ಕಲಿತದ್ದೇ ತಲೆ ನೆರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಯಾರು ಯಾವುದನ್ನು ಯಾವಾಗ ಕಲಿಯಬೇಕು ಅನ್ನುವುದಕ್ಕೆ ನಾನು ಯಾರು.

ಒಂದು ಜೋಡಿಗೆ ಒಂದು ಚಾಪೆ, ಎರಡು ದಿಂಬು. ಅಶೋಕ ಮತ್ತು ಯಶೋಧಾ ಕೂರುತ್ತಿದ್ದದ್ದು ಕಿಟಕಿಯ ಪಕ್ಕದ ಚಾಪೆಯ ಮೇಲೆ.

ಅಶೋಕ ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಆಸ್ಪತ್ರೆಯ ಲಿಫ್ಟ್ ಕೆಟ್ಟಾಗ ಬಂದು, ಗೋಡೆಯ ಮೇಲಿನ ಈ ಪಾಠದ ಬೋರ್ಡು ಓದಿ, ಮುಂದಿನ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ನಾನಿರುವ ಕುಂಬಾರಕೊಪ್ಪಲಿನಲ್ಲೇ, ಎರಡು ಬೀದಿ ಆಚೆ ಅವನ ಮನೆ. ಅದು ಗೊತ್ತಾದ ದಿನದಿಂದ ನನ್ನನ್ನು ಅವ್ವ ಅನ್ನುತ್ತಿದ್ದ. ಯಶೋಧಾ ಅರಸು ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಮಾತು ಕಡಿಮೆ. ಆದರೆ ಪಾಠದಲ್ಲಿ ಮೊದಲ ದಿನವೇ ಕೈ ಎತ್ತಿ ಕೇಳಿದಳು.

"ಮೇಡಂ, ಹೆರಿಗೆ ರೂಮಿನ ಬಾಗಿಲು ಹಾಕ್ತಾರಾ?"

"ಹಾಕ್ತೀವಿ ಕಣಮ್ಮ. ಯಾಕೆ?"

"ಬಾಗಿಲು ಹಾಕಿದ್ರೆ ನಂಗೆ ಆಗಲ್ಲ. ಇವ್ರು ಒಳಗಡೆ ಇರ್ಬೇಕು."

"ಇರ್ತಾರೆ. ಈ ಪಾಠ ಮುಗಿಸಿದ ಗಂಡಂದಿರನ್ನ ನಾವು ಒಳಗೆ ಬಿಡ್ತೀವಿ. ಅದಕ್ಕೇ ಅಲ್ವಾ ಕಲಿಸೋದು?"

ಯಶೋಧಾ ಗಂಡನ ಮುಖ ನೋಡಿದಳು. ಅಶೋಕ, "ಇರ್ತೀನಿ ಕಣೆ," ಅಂದ. ಎಲ್ಲರೆದುರು ಅಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಆದರೆ ಅಂದ.

ಅದಾದ ಎರಡನೇ ವಾರಕ್ಕೆ ಯಶೋಧಾಳ ಅವ್ವ ಬಂದರು. ಅವರದು ಕೊಳ್ಳೇಗಾಲದ ಹತ್ತಿರದ ಊರು. ಬಳೆ ತೊಡಿಸಿ, ಮಡಿಲಕ್ಕಿ ಕಟ್ಟಿ, ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಮಗಳನ್ನು ಕರೆದುಕೊಂಡು ಹೋದರು. ಆ ಶಾಸ್ತ್ರಕ್ಕೆ ನಾನೂ ಹೋಗಿದ್ದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಣೆ ಹಾಕಿ ಹುಡುಗಿಯನ್ನು ಕೂರಿಸಿದ್ದರು. ಎರಡು ಕೈಗೂ ಹಸಿರು ಗಾಜಿನ ಬಳೆ, ಮೊಣಕೈಯವರೆಗೆ. ಬೀಗಿತ್ತಿಯರು ಹಾಡಿದರು, ನಗಿಸಿದರು. ನನ್ನನ್ನು ಬಳೆ ತೊಡಿಸಲು ಯಾರೂ ಕರೆಯಲಿಲ್ಲ, ನಾನೂ ಮುಂದೆ ಹೋಗಲಿಲ್ಲ. ಬಾಗಿಲ ಹತ್ತಿರ ಕುಳಿತು ಎಲೆ ಅಡಿಕೆ ಜೋಡಿಸಿಕೊಟ್ಟೆ.

ಹೊರಡುವಾಗ ಅಶೋಕನ ಅತ್ತೆ ಹೊಸಿಲ ಮೇಲೆ ನಿಂತು ಹೇಳಿದರು.

"ಅಳಿಮಯ್ಯ, ಕೂಸು ಹುಟ್ಟಿ ನಾನೇ ಹೇಳಿ ಕಳಿಸೋಗಂಟ ನಮ್ಮನೆ ಕಡೆ ಬರಂಗಿಲ್ಲ ನೀವು. ಮಡ್ಲಕ್ಕಿ ಕಟ್ಟಿದ್ಮೇಲೆ ಗಂಡ ಆ ಹೊಸಿಲು ತುಳಿಬಾರ್ದು."

"ಅತ್ತೆ, ನಾವು ಬುದ್ಧನ ದಾರಿ ಹಿಡಿದು ಎಷ್ಟು ವರ್ಷ ಆಯ್ತು, ಇನ್ನೂ ಇದೆಲ್ಲ..."

"ಬುದ್ಧ ಬಳೆ ಬ್ಯಾಡ ಅಂದ್ನಾ? ಹೊಸಿಲು ತುಳಿ ಅಂದ್ನಾ? ಸುಮ್ಕಿರಿ."

ಎಲ್ಲರೂ ನಕ್ಕರು. ಯಶೋಧಾ ಆಟೋದಲ್ಲಿ ಕುಳಿತು ಒಂದು ಕೈ ಹೊರಗೆ ಚಾಚಿದಳು. ಬಳೆ ಘಲಘಲ ಅಂದವು. ಬೀದಿಯ ಕೊನೆಯವರೆಗೂ ಕೇಳಿಸಿತು, ಇಲ್ಲವೇ ಕೇಳಿಸಿದಂತೆ ನನಗೆ ಅನ್ನಿಸಿತು.

ಮುಂದಿನ ಭಾನುವಾರ ಕಿಟಕಿಯ ಪಕ್ಕದ ಚಾಪೆಯನ್ನು ಹಾಸಲೋ ಬೇಡವೋ ಎಂದು ನಿಂತಿದ್ದೆ. ಅಶೋಕ ಬಂದ. ಒಬ್ಬನೇ. ಚಪ್ಪಲಿ ಬಿಟ್ಟು, ಆ ಚಾಪೆಯ ಜಾಗದಲ್ಲಿ ಬರಿ ನೆಲದ ಮೇಲೆ ಕುಳಿತ.

"ಅಶೋಕ್, ಯಶೋಧಾ ಊರಿಗೆ ಹೋದ್ರಲ್ಲ?" ಅಂದರು ಅನುಪಮಾ ಮೇಡಂ.

"ಹೌದು ಮೇಡಂ. ನಾನು ಕಲ್ತು ಫೋನಲ್ಲಿ ಹೇಳಿಕೊಡ್ತೀನಿ ಅವಳಿಗೆ. ಆಮೇಲೆ ನಾನು ಪಾಠ ಮುಗಿಸ್ಬೇಕಲ್ಲ, ಒಳಗೆ ಬಿಡೋಕೆ."

ಒಳಗೆ ಬಿಡುವುದು ನಮ್ಮ ಆಸ್ಪತ್ರೆಯಲ್ಲಿ. ಅಲ್ಲಿಯ ಆಸ್ಪತ್ರೆಯವರಿಗೆ ಈ ಪಾಠ ಏನು ಗೊತ್ತು? ನಾನು ಹೋಗಿ ಚಾಪೆ ತಂದು ಹಾಸಿದೆ. ಎರಡು ದಿಂಬನ್ನೂ ಇಟ್ಟೆ.

ಅವತ್ತಿನ ಪಾಠ, ಹೆಂಡತಿ ಗಂಡನ ಎದೆಗೆ ಬೆನ್ನು ಕೊಟ್ಟು ಕೂರುವುದು. ಎಲ್ಲ ಜೋಡಿಗಳೂ ಕುಳಿತವು. ಅಶೋಕ ದಿಂಬನ್ನು ಎದೆಗೆ ಆನಿಸಿಕೊಂಡು ಕುಳಿತ. ಪಕ್ಕದ ಚಾಪೆಯಲ್ಲಿ ನಿಶಾಂತ್ ಅನ್ನುವ ಹುಡುಗ, ಅವನ ಹೆಂಡತಿ ಅನನ್ಯ. ಕಾರಿನಲ್ಲಿ ಬರುವವರು. ನಿಶಾಂತ್ ಕೆಟ್ಟವನಲ್ಲ, ಬಾಯಿ ಸುಮ್ಮನಿರುವುದಿಲ್ಲ ಅಷ್ಟೆ.

"ಬಾಸ್, ನಿಮ್ಮ ದಿಂಬಿಗೆ ಎಷ್ಟನೇ ತಿಂಗಳು?"

ಹಾಲೆಲ್ಲ ನಕ್ಕಿತು. ಅಶೋಕನೂ ನಕ್ಕ. "ದಿನ ತುಂಬಿದೆ ಸಾರ್, ನೋಡಿ, ಹತ್ತಿ ಹೊರಗೆ ಬರ್ತಿದೆ," ಅಂದ. ಮತ್ತೂ ನಗು. ಆದರೆ ಅವನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಅನನ್ಯಳಿಗೂ ಕಾಣಿಸಿತೇನೋ, ಗಂಡನ ತೊಡೆಗೆ ಚಿವುಟಿದಳು.

"ಚಲುವಮ್ಮ, ಇಲ್ಲಿ ಬನ್ನಿ ಸ್ವಲ್ಪ," ಅಂದರು ಮೇಡಂ. "ಅಶೋಕ್ ಜೊತೆ ನೀವು ಕೂತ್ಕೊಳ್ಳಿ. ಸೊಂಟ ಒತ್ತೋದು ದಿಂಬಿನ ಮೇಲೆ ಕಲಿಯೋಕಾಗಲ್ಲ."

"ಅಯ್ಯೋ ಶಿವ್ನೆ, ಈ ವಯಸ್ನಲ್ಲಿ ನನ್ನ ಬಸ್ರಿ ಮಾಡ್ತೀರಾ ಮೇಡಂ?"

ಈ ಸಲ ನಕ್ಕದ್ದು ಬೇರೆ ಥರ. ಅಶೋಕನೂ ಹೊಟ್ಟೆ ಹಿಡಿದು ನಕ್ಕ. ನಾನು ಸೆರಗು ಸಿಕ್ಕಿಸಿ, ಮಂಡಿ ಹಿಡಿದುಕೊಂಡು, ನಿಧಾನಕ್ಕೆ ಚಾಪೆಯ ಮೇಲೆ ಕುಳಿತೆ. ಅವನಿಗೆ ಬೆನ್ನು ಮಾಡಿ.

"ಇಲ್ಲಾ ಅವ್ವ?"

"ಇನ್ನೊಸಿ ಕೆಳಿಕ್ಕೆ."

"ನೋವಾಗ್ತದಾ?"

"ಇಲ್ಲ ಬುಡು. ಒತ್ತು."

ಅವನ ಹೆಬ್ಬೆರಳು ಗಟ್ಟಿ. ಕಬ್ಬಿಣದ ಕೆಲಸದವನ ಕೈ. ಆದರೆ ಅವನು ಒತ್ತಿದ್ದು ಮೊಟ್ಟೆ ಹಿಡಿದವನ ಹಾಗೆ. "ಬಿಸಿ ಹಾಲು ಆರಿಸೋ ಥರ ಊದಿ," ಅಂದರು ಮೇಡಂ. ನಾನು ಊದಿದೆ. ಎಲ್ಲರೂ ಊದಿದರು. ಇಡೀ ಕೋಣೆಯಲ್ಲಿ ಗಾಳಿ ಬೀಸಿದ ಹಾಗೆ ಸದ್ದಾಯಿತು.

ನನ್ನ ಬೆನ್ನನ್ನು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಗಿತ್ತೋ. ನನ್ನ ಯಜಮಾನರು ಸಣ್ಣಮಾದಯ್ಯನವರು ಹೋದ ಮೇಲೆ ಮುಟ್ಟುವವರು ಯಾರಿದ್ದರು? ನಾನು ಇರುವುದು ಒಂದೇ ಕೋಣೆ. ಬೆನ್ನಿಗೆ ಎಣ್ಣೆ ಹಚ್ಚಬೇಕಾದರೆ ಗೋಡೆಗೆ ಬಟ್ಟೆ ಹಾಕಿ ಉಜ್ಜಿಕೊಳ್ಳುತ್ತೇನೆ. ನನಗೂ ಒಂದು ಕೂಸು ಆಗಿತ್ತು. ಗಂಡು. ಹೆಸರಿಡುವಷ್ಟು ದಿನ ಉಳಿಯಲಿಲ್ಲ. ಆಮೇಲೆ ಆಗಲೂ ಇಲ್ಲ. ಇದನ್ನು ಆ ಹಾಲಿನಲ್ಲಿ ಯಾರಿಗೂ ನಾನು ಹೇಳಿಲ್ಲ. ಬಸುರಿಯರ ಮುಂದೆ, ಬಸುರಿಯರ ಗಂಡಂದಿರ ಮುಂದೆ ಅಂಥ ಮಾತು ಆಡಬಾರದು. ಅದನ್ನು ಯಾವ ಮೇಡಮ್ಮೂ ಕಲಿಸಬೇಕಿಲ್ಲ.

ಕೊನೆಯ ಪಾಠದ ದಿನ ಮೇಡಂ ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋಗಿ ಹೆರಿಗೆ ರೂಮು ತೋರಿಸಿದರು. ಗಂಡಂದಿರೆಲ್ಲ ಮಂಚ ನೋಡಿದರು, ಮೆಷೀನು ನೋಡಿದರು. ನಿಶಾಂತನ ಮುಖ ಬಿಳಿಚಿಕೊಂಡಿತು, ಹೆಂಡತಿಯೇ ಅವನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಅಶೋಕ ಮಾತ್ರ ಬಾಗಿಲನ್ನು ನೋಡುತ್ತಾ ನಿಂತ. ಚೌಕಟ್ಟಿನ ಮೇಲೆ ಕೈ ಆಡಿಸಿದ, ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟ. ವೃತ್ತಿಯ ಚಾಳಿ.

ಎಲ್ಲರೂ ಹೊರಟ ಮೇಲೆ ನಾನು ಹಿಂದಿನ ಮೆಟ್ಟಿಲ ಮೇಲೆ ಟೀ ಕುಡಿಯುತ್ತಾ ಕುಳಿತಿದ್ದೆ. ಅವನು ಫೋನು ಕಿವಿಗಿಟ್ಟುಕೊಂಡು ಅಲ್ಲೇ ಕೆಳಗೆ ಅತ್ತಿತ್ತ ಓಡಾಡುತ್ತಿದ್ದ. "ಅತ್ತೆ, ಹೊಸಿಲು ತುಳಿಯಲ್ಲ, ಸರಿ. ಆಸ್ಪತ್ರೆಗಾದ್ರೂ ಬರ್ತೀನಿ... ಇಲ್ಲ ಅತ್ತೆ, ನಾನು ಕಲ್ತಿದೀನಿ... ಕೇಳಿ ನೋಡಿದ್ರಾ?" ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡ. ಫೋನು ಜೇಬಿಗೆ ಹಾಕಿ ಬಂದು ನನ್ನ ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ಒಳಗೆ ಬಿಡಲ್ವಂತೆ ಅವ್ವ. ಅತ್ತೆ ಕೇಳಿದ್ರಂತೆ. ಅಲ್ಲಿ ಹೆಂಗಸ್ರು ಒಬ್ರು ಮಾತ್ರ ಅಂತೆ. ಗಂಡಸ್ರು ವರಾಂಡದಲ್ಲಿ. ಫೋನೂ ಒಳಗೆ ಬಿಡಲ್ವಂತೆ."

ನಾನು ಲೋಟಕ್ಕೆ ಟೀ ಬಗ್ಗಿಸಿ ಕೊಟ್ಟೆ. ಅವನು ಕುಡಿಯಲಿಲ್ಲ.

"ಅವ್ಳಿಗೆ ಬಾಗಿಲು ಹಾಕಿದ್ರೆ ಭಯ ಅಂದ್ಳಲ್ಲ, ಯಾಕೆ ಗೊತ್ತಾ? ಅಂಗಡಿ ಲಿಫ್ಟಲ್ಲಿ ಸಿಕ್ಕಾಕೊಂಡಿದ್ಳು. ಅದನ್ನ ತೆಗೆಯೋಕೆ ಹೋಗಿದ್ದು ನಾನೇ."

"ನೀನೇನಾ? ಅಂಗಾದ್ರೆ ಲಿಫ್ಟಲ್ಲಿ ಎಂಡ್ತಿ ಸಿಕ್ಕುದ್ಲು ಅನ್ನು."

"ಊಂ." ನಗಲು ನೋಡಿದ. "ಕರೆಂಟು ಇಲ್ಲ, ಕತ್ಲೆ. ಒಳಗೆ ಒಬ್ಳೇ. ನಮ್ಮ ಕೆಲಸದಲ್ಲಿ ಮೊದ್ಲು ಕಲಿಸೋದು ಅದೇ ಅವ್ವ, ಹೋದ ತಕ್ಷಣ ಮೋಟ್ರಿಗೆ ಕೈ ಹಾಕ್ಬಾರ್ದು. ಸ್ಪ್ಯಾನರ್ ತಗೊಂಡು ಬಾಗಿಲಿಗೆ ಕುಟ್ಬೇಕು. ಟಕ್ ಟಕ್ ಅಂತ. ಒಳಗಿರೋರಿಗೆ ಹೊರಗಡೆ ಒಬ್ಬ ಇದಾನೆ ಅಂತ ಗೊತ್ತಾಗ್ಬೇಕು. ಆಮೇಲೆ ಮಾತಾಡ್ತಾನೇ ಇರ್ಬೇಕು, ಏನಾದ್ರೂ ಸರಿ. ನಾನು ಅವತ್ತು ನಮ್ಮವ್ವ ಮಾಡೋ ಬಸ್ಸಾರಿನ ವಿಷಯ ಹೇಳ್ದೆ. ಬಾಗಿಲು ತೆಗೆಯೋ ಹೊತ್ತಿಗೆ ಅವ್ಳು ಕೇಳ್ತಿದ್ಳು, 'ಸೊಪ್ಪು ಯಾವ್ದು ಹಾಕ್ತಾರೆ?' ಅಂತ."

ನಾನು ನಕ್ಕೆ. ಅವನು ನಗಲಿಲ್ಲ. ಲೋಟ ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

"ಈಗ ನಾನು ವರಾಂಡದಲ್ಲಿ ಕೂತು ಏನ್ ಮಾಡ್ಲಿ? ಹೋದ್ರೂ ಒಂದೇ, ಹೋಗ್ದೇ ಇದ್ರೂ ಒಂದೇ. ಇಲ್ಲೇ ಇದ್ಬುಡ್ತೀನಿ. ಅತ್ತೇಗೂ ಸಮಾಧಾನ."

ಆಗ ನಾನು ಹೇಳಿದೆ. ಹೇಳಬೇಕೆಂದುಕೊಂಡಿರಲಿಲ್ಲ.

"ನಮ್ಮ ಕೂಸು ಆದಾಗ ನಮ್ಮೂರಲ್ಲಿ ಆಸ್ಪತ್ರೆ ಇರ್ನಿಲ್ಲ ಕಣಪ್ಪ. ನಡು ಮದ್ಯಾನ. ಗುಡ್ಲು ಬಾಗ್ಲಿಗೆ ಗೋಣಿ ತಾಟು ಕಟ್ಟಿದ್ರು. ಸೂಲಗಿತ್ತಿ ನೀರು ಕಾಯ್ಸಕ್ಕೆ ಅಂತ ಆಚ್ಗೋದ್ಲು, ನಮ್ಮತ್ತೆ ಸೌದೆಗೋದ್ಲು. ನಾನೊಬ್ಳೇ. ಆ ಹೊತ್ನಲ್ಲಿ ನಂಗನ್ನಿಸ್ತು, ಈ ಬೂಮಿ ಮೇಲೆ ಇನ್ಯಾರೂ ಇಲ್ಲ, ಎಲ್ಲಾ ಎದ್ದು ಒಂಟೋಗವ್ರೆ ಅಂತ. ಕೂಗಿದ್ರೆ ಯಾರ್ನ ಕೂಗ್ಲಿ? ಕೂಗ್ನಿಲ್ಲ. ಅಲ್ಲು ಕಚ್ಕೊಂಡು ಬಿದ್ದಿದ್ದೆ."

"ನಿಮ್ಮ ಯಜಮಾನ್ರು?"

"ಅದೇ ಯೋಳ್ತಾ ಇವ್ನಿ. ಅವ್ರು ಕೂಲಿಗೋಗವ್ರೆ ಅನ್ಕಂಡಿದ್ದೆ. ಎಷ್ಟೋ ವರ್ಸ ಆದ್ಮೇಲೆ, ಮೈಸೂರ್ಗೆ ಬಂದ್ಮೇಲೆ, ಒಂದಿನ ಮುದ್ದೆ ಉಣ್ತಾ ಅಂದ್ರು, 'ಅವತ್ತು ನಾನು ಗೋಡೆಗೆ ಒರಿಕ್ಕಂಡು ಅಲ್ಲೇ ಕೂತಿದ್ದೆ ಕಣೆ' ಅಂತ. ಗೋಡೆ ಅಂದ್ರೇನು, ಮಣ್ಣು, ನನ್ನ ತಲೆ ಇದ್ದ ಪಕ್ಕಕ್ಕೇ. ಇಡೀ ಮದ್ಯಾನ ಅಲ್ಲೇ ಇದ್ರಂತೆ. ಗಂಡ್ಸು ಅಲ್ಲಿ ಕೂತಿರೋದ್ನ ಯಾರಾರ ನೋಡಿದ್ರೆ ಆಡ್ಕತಾರೆ ಅಂತ ಉಸ್ರು ಬಿಡ್ದೆ ಕೂತಿದ್ರಂತೆ."

ಅಶೋಕ ತಲೆ ಎತ್ತಿ ನನ್ನನ್ನು ನೋಡಿದ.

"ಇದ್ರು ಕಣಪ್ಪ. ಆದ್ರೆ ನಂಗೆ ಗೊತ್ತಾಗ್ನಿಲ್ಲ. ಒಂದು ಸಲ ಕೆಮ್ಮಿದ್ರೂ ಸಾಕಿತ್ತು."

ಅವನು ಆರಿ ಹೋದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಲೋಟ ನಲ್ಲಿಯ ಕೆಳಗೆ ತೊಳೆದು ನನ್ನ ಪಕ್ಕ ಮಗುಚಿಟ್ಟು, "ಬರ್ತೀನಿ ಅವ್ವ," ಎಂದು ಹೋದ.

ಆಮೇಲೆ ಅವನು ಕಾಣಲಿಲ್ಲ. ಪಾಠ ಮುಗಿದಿತ್ತಲ್ಲ. ಮುಂದಿನ ಭಾನುವಾರ ಹೊಸ ಜೋಡಿಗಳು ಬಂದವು, ಹೊಸ ನಗು, ಅವೇ ದಿಂಬು. ಅನನ್ಯಳಿಗೆ ನಮ್ಮಲ್ಲೇ ಹೆರಿಗೆಯಾಯಿತು. ನಿಶಾಂತ್ ಒಳಗೆ ಹೋದವನು ತಲೆ ಸುತ್ತಿ ಈಚೆ ಬಂದು, ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋದ. "ಆಂಟಿ, ನಗ್ಬೇಡಿ," ಅಂದ. ನಗಲಿಲ್ಲ ನಾನು. ಮತ್ತೆ ಒಳಗೆ ಹೋದನಲ್ಲ, ಅದು ದೊಡ್ಡದು.

ಕೆಲಸ ಮುಗಿಸಿ ಮನೆಗೆ ನಡೆಯುವಾಗ ನಾನು ಸುತ್ತು ಬಳಸಿ ಅಶೋಕನ ಬೀದಿಯಲ್ಲಿ ಹೋಗತೊಡಗಿದೆ. ಬಾಗಿಲಿಗೆ ಬೀಗ ಇದ್ದರೆ ಕೆಲಸಕ್ಕೆ ಹೋಗಿದ್ದಾನೆ. ದೀಪ ಇದ್ದರೆ ಇದ್ದಾನೆ. ಕರೆದು ಕೇಳಬಹುದಿತ್ತು. ಆದರೆ ಒಂದೆರಡು ಭಾನುವಾರ ಬೆನ್ನು ಕೊಟ್ಟು ಕುಳಿತ ಮಾತ್ರಕ್ಕೆ ನಾನು ಅವರಿಗೆ ಏನಾಗಬೇಕು? ಒಂದು ಸಂಜೆ ಬೀಗ ಇತ್ತು. ಮಾರನೆಯ ದಿನವೂ ಇತ್ತು. ಅದರ ಮಾರನೆಯ ದಿನ ಬಾಗಿಲ ಮುಂದೆ ಹಾಲಿನ ಪ್ಯಾಕೆಟ್ಟು ಬಿಸಿಲಿಗೆ ಉಬ್ಬಿ ಬಿದ್ದಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಬೀಗಕ್ಕೆ ಎರಡು ಅರ್ಥ ಇರುತ್ತವೆ, ಸಿಹಿ ಸುದ್ದಿ ಇಲ್ಲವೇ ಕೆಟ್ಟ ಸುದ್ದಿ. ನನಗೆ ಎರಡನೆಯದು ಗೊತ್ತು.

ಭಾನುವಾರ ಪಾಠ ಮುಗಿದು ಎಲ್ಲರೂ ಇಳಿದು ಹೋಗಿದ್ದರು. ಚಾಪೆ ಇನ್ನೂ ಸುತ್ತಿರಲಿಲ್ಲ. ಫೋನು ಬಡಿದುಕೊಂಡಿತು.

"ಅವ್ವ, ಅಶೋಕ."

"ಯೋಳಪ್ಪ." ನಾನು ನಿಂತಿದ್ದವಳು ಹಾಗೇ ಕಿಟಕಿಯ ಪಕ್ಕದ ಚಾಪೆಯ ಮೇಲೆ ಕುಳಿತೆ.

"ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ."

ಉಸಿರು ಬಿಟ್ಟೆ. ಬಿಸಿ ಹಾಲು ಆರಿಸುವ ಹಾಗೆಯೇ ಬಂತು ಅದು.

"ನೀನು ಓಗಿದ್ಯಾ?"

"ಹೋಗಿದ್ದೆ. ನೋವು ಬಂತು ಅಂತ ಫೋನ್ ಬಂದ ತಕ್ಷಣ ಬೈಕ್ ಹತ್ಬುಟ್ಟೆ. ಅತ್ತೆ ವರಾಂಡದಲ್ಲಿ ನನ್ನ ನೋಡಿ ಕೆಂಡ ಆದ್ರು. 'ಇದು ನಿಮ್ಮನೆ ಹೊಸಿಲಲ್ಲ ಅತ್ತೆ, ಸರ್ಕಾರದ ಹೊಸಿಲು' ಅಂದೆ. ಬೈಕೊಂಡು ಒಳಗೆ ಹೋದ್ರು. ಬಾಗಿಲು ಹಾಕಿದ್ರು."

"ಆಮ್ಯಾಕೆ?"

"ಸ್ಪ್ಯಾನರ್ ಜೇಬಲ್ಲೇ ಇತ್ತು. ಬಾಗಿಲಿನ ಚೌಕಟ್ಟು ಕಬ್ಬಿಣದ್ದು. ಕುಟ್ಟಿದೆ. ಟಕ್ ಟಕ್. ನರ್ಸಮ್ಮ ಬಂದು ಉಗಿದ್ರು, 'ಏನ್ರೀ, ಗ್ಯಾರೇಜ್ ಅಂದ್ಕೊಂಡ್ರಾ?' ಅಂತ. ಸುಮ್ನಾದೆ. ಅವ್ರು ಒಳಗೆ ಹೋದ್ಮೇಲೆ ಮತ್ತೆ ಕುಟ್ಟಿದೆ, ಮೆತ್ತಗೆ. ಬಸ್ಸಾರಿನ ವಿಷಯ ಹೇಳೋಕೆ ಶುರು ಮಾಡ್ದೆ. ವರಾಂಡದಲ್ಲಿದ್ದೋರೆಲ್ಲ ಇವನಿಗೆ ತಲೆ ಕೆಟ್ಟಿದೆ ಅಂತ ನೋಡ್ತಿದ್ರು."

"ಅವ್ಳಿಗೆ ಕೇಳುಸ್ತಾ?"

"ಮಾತು ಕೇಳಿಸ್ಲಿಲ್ವಂತೆ. ಒಳಗೆ ಒಂದೇ ಗದ್ದಲ. ಆದ್ರೆ ಕುಟ್ಟಿದ್ದು ಕೇಳಿಸ್ತಂತೆ ಅವ್ವ. ಸೂಜಿ ಹಾಕಿದ್ದ ಕೈ ಬಳೆ ತೆಗೆಸಿದ್ರಂತೆ. ಇನ್ನೊಂದು ಕೈಯಲ್ಲಿ ಇದ್ವು. ಅವ್ಳು ಆ ಕೈನ ಮಂಚದ ಸರಳಿಗೆ ಹೊಡೆದ್ಳು. ಘಲ್ ಘಲ್ ಅಂತ. ನಂಗೆ ಕೇಳಿಸ್ತು. ನಾನು ಕುಟ್ಟೋದು, ಅವ್ಳು ಹೊಡೆಯೋದು. ಕೊನೇಲಿ ಬಳೆ ಸದ್ದು ನಿಂತೋಯ್ತು. ಬಾಗಿಲಿಗೆ ಕಿವಿ ಕೊಟ್ಟೆ. ಆಮೇಲೆ ಮಗು ಅತ್ತಿದ್ದು ಕೇಳಿಸ್ತು. ಬಳೆ ಎಲ್ಲಾ ಒಡೆದೋಗಿದ್ವು, ಅದಕ್ಕೆ ಸದ್ದಿಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವನೇ ಮುಂದುವರಿಸಿದ.

"ಅವ್ವ, ಹೆಸರಿಡೋಕೆ ನೀವು ಬರ್ಲೇಬೇಕು. ಯಶೋಧಾನೂ ಹೇಳ್ತಿದಾಳೆ. ನಿಮ್ಮ ಮಗೂನೂ ಕರ್ಕೊಂಡು ಬನ್ನಿ. ಅವತ್ತು ಅಷ್ಟೆಲ್ಲ ಹೇಳಿದ್ರಿ, ಮಗನೋ ಮಗಳೋ ನಾನು ಕೇಳ್ಲೇ ಇಲ್ಲ ನೋಡಿ."

ಹಿಂದೆ ಕೂಸು ಅಳುವುದು ಕೇಳಿಸುತ್ತಿತ್ತು. ಹಸಿ ಗಂಟಲು, ಒಂದೇ ಸಮ.

"ಮಗ ಕಣಪ್ಪ," ಅಂದೆ. "ದೂರ ಅವ್ನೆ. ಅವ್ನ್ಗೆ ಬರಕ್ಕಾಗಕ್ಕಿಲ್ಲ. ನಾನು ಬತ್ತೀನಿ."

"ಏನ್ ಹೆಸರು?"

"ಕೂಸು ಅಳ್ತಾ ಅದೆ, ಓಗು, ಎತ್ಕೋ ಮೊದ್ಲು. ಪಾಠದಲ್ಲಿ ಯೋಳ್ಕೊಟ್ಟಿಲ್ವಾ ಕತ್ತಿಗೆ ಕೈ ಕೊಟ್ಟು ಎತ್ಕೋ ಅಂತ? ಓಗು."

ಅವನು ನಗುತ್ತಾ ಫೋನು ಇಟ್ಟ.

ಹಾಲಿನಲ್ಲಿ ಬಿಸಿಲು ಕಿಟಕಿಯಿಂದ ಚಾಪೆಯವರೆಗೆ ಬಂದಿತ್ತು. ಸಾಲಾಗಿ ಖಾಲಿ ಚಾಪೆಗಳು, ಜೋಡಿ ಜೋಡಿ ದಿಂಬುಗಳು, ಪ್ರತಿಯೊಂದರ ಮೇಲೂ ಒರಗಿದವರ ಗುಳಿ ಇನ್ನೂ ಇತ್ತು. ನಾನು ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ತಣ್ಣಗಿತ್ತು. ನನ್ನ ಕೈಯಲ್ಲಿ ಸದ್ದು ಮಾಡುವಂಥದ್ದು ಏನೂ ಇರಲಿಲ್ಲ. ಕೈ ಹಿಂದಕ್ಕೆ ತಿರುಗಿಸಿ ಬೆರಳ ಗೆಣ್ಣಿನಿಂದ ಗೋಡೆಗೆ ಎರಡು ಸಲ ತಟ್ಟಿದೆ.

ಸ್ವಲ್ಪ ಹೊತ್ತು ಕುಳಿತಿದ್ದು, ಚಾಪೆ ಸುತ್ತಿಡಲು ಎದ್ದೆ.